ನಿಂಬೆಹಣ್ಣು, ಮೇಣದಬತ್ತಿ ಮತ್ತು ಒಂದು ಕಥೆ ಪುಸ್ತಕ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಶನಿವಾರದ ಸಭೆಗೆ ಬಂದವರಿಗೆ ವಿಷಯ ಗೊತ್ತಿದೆ. ಬಾರದವರಿಗೆ ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಜಾಸ್ತಿ ಗೊತ್ತಾಗಿದೆ. ಆರನೇ ತರಗತಿಯ ಮಗುವೊಂದರ ದಿಂಬಿನ ಕೆಳಗೆ ಹಿಂಡಿದ ನಿಂಬೆಹಣ್ಣು, ಅರ್ಧ ಉರಿದ ಮೇಣದಬತ್ತಿ, ಯಾರಿಗೂ ಓದಲು ಬಾರದ ಅಕ್ಷರಗಳ ಚೀಟಿ ಸಿಕ್ಕಿತು. ಮನೆಯವರು ಗಾಬರಿಯಾದರು. ನಮ್ಮ ಮನೆಯಲ್ಲಿ ಸಿಕ್ಕಿದ್ದರೆ ನಾನೂ ಮೊದಲು ದೃಷ್ಟಿ ತೆಗೆಸುತ್ತಿದ್ದೆನೇನೋ.

ಆದರೆ ಅದು ಮಾಟ ಅಲ್ಲ. 'ದಿ ಹಾಬಿಟ್' ಅನ್ನುವ ಕಥೆ ಪುಸ್ತಕದ ಹುಚ್ಚು. ಪುಸ್ತಕ ನಮ್ಮ ಶಾಲೆಯ ಗ್ರಂಥಾಲಯದ್ದೇ.

ಕಥೆ ಇಷ್ಟು. ಬಿಲ್ಬೋ ಅಂತ ಒಬ್ಬ ಪುಟ್ಟ ಆಸಾಮಿ. ಮನೆ, ಊಟ, ನೆಮ್ಮದಿ ಬಿಟ್ಟು ಬೇರೇನೂ ಬೇಡ ಅನ್ನುವವನು. ಅಂಥವನು 13 ಕುಳ್ಳರ ಜೊತೆ ಡ್ರ್ಯಾಗನ್ ಕೂತಿರುವ ಬೆಟ್ಟಕ್ಕೆ ಹೊರಡಬೇಕಾಗುತ್ತದೆ. ಅವರ ಬಳಿ ಒಂದು ಹಳೇ ನಕ್ಷೆ ಇದೆ. ಅದರಲ್ಲಿರುವುದು ರೂನ್ ಅನ್ನುವ ಹಳೇ ಕಾಲದ ಲಿಪಿ. ಕೆಲವು ಅಕ್ಷರಗಳಂತೂ ಸರಿಯಾದ ಕಾಲದ, ಸರಿಯಾದ ಆಕಾರದ ಚಂದ್ರನ ಬೆಳಕಿನಲ್ಲಿ ಮಾತ್ರ ಕಾಣುತ್ತವೆ. ನಮ್ಮ ಮಕ್ಕಳಿಗೆ ಚಂದ್ರನಿಗಾಗಿ ಕಾಯುವ ತಾಳ್ಮೆ ಎಲ್ಲಿದೆ? ನಿಂಬೆರಸದಲ್ಲಿ ಬರೆದರು. ಒಣಗಿದರೆ ಅದು ಕಾಣುವುದಿಲ್ಲ, ಕಾಗದಕ್ಕೆ ಶಾಖ ಹಿಡಿದರೆ ಕಂದು ಬಣ್ಣಕ್ಕೆ ತಿರುಗಿ ಎದ್ದು ಬರುತ್ತದೆ. ಇದು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟದ್ದೇ.

ಚೀಟಿಯ ಲಿಪಿಯೂ ಸುಳ್ಳಲ್ಲ. ಆ ನಕ್ಷೆಯ ಅಕ್ಷರಗಳು ಇಂಗ್ಲೆಂಡಿನಲ್ಲಿ ಹಿಂದೆ ನಿಜವಾಗಿ ಬಳಕೆಯಲ್ಲಿದ್ದ ರೂನ್‌ಗಳ ಮಾದರಿಯವು. ಪುಸ್ತಕ ಬರೆದ ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಅಂದ ಹಾಗೆ, ಚೀಟಿಯನ್ನು ಇನ್ನೊಂದು ಮಗುವಿನಿಂದ ಓದಿಸಿದೆವು. ಅದರಲ್ಲಿದ್ದದ್ದು: 'ನಾಳೆ ಉಪ್ಪಿಟ್ಟು ಬೇಡ, ಚಿತ್ರಾನ್ನ ತಾ.'

ಮೇಣದಬತ್ತಿಯ ವಿಚಾರದಲ್ಲಿ ಮಾತ್ರ ನಿಮ್ಮ ಕೋಪ ಪೂರ್ತಿ ನ್ಯಾಯ. ಹಾಸಿಗೆ ಮೇಲೆ ಬೆಂಕಿ ಅಂದರೆ ಹುಡುಗಾಟವೇ? ಎಲ್ಲ ತರಗತಿಗಳಲ್ಲೂ ಗಟ್ಟಿಯಾಗಿ ಹೇಳಿದ್ದೇವೆ. ಇಂಥ ಪ್ರಯೋಗ ಏನಿದ್ದರೂ ಶಾಲೆಯ ಲ್ಯಾಬ್‌ನಲ್ಲಿ, ಶಿಕ್ಷಕರ ಮುಂದೆ.

ಇನ್ನು ಪುಸ್ತಕವನ್ನೇ ತೆಗೆದುಹಾಕಿ ಅನ್ನುವ ಮಾತು. ಅದನ್ನು ತೆಗೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ತೆಗೆಯುವುದಿಲ್ಲ. ಮಾಯ ಮಂತ್ರ ಇದೆ ಅಂತ ಪುಸ್ತಕ ಬೇಡ ಅನ್ನುವುದಾದರೆ ಘಟೋತ್ಕಚನನ್ನು ಎಲ್ಲಿ ಕಳಿಸೋಣ? ಬೇತಾಳನನ್ನು? ರಾತ್ರಿಯಿಡೀ ಯಕ್ಷಗಾನದಲ್ಲಿ ರಾಕ್ಷಸನ ಅಬ್ಬರ ನೋಡಿದ ಮಕ್ಕಳು ಬೆಳಿಗ್ಗೆ ಎದ್ದು ಶಾಲೆಗೇ ಬರುತ್ತಾರೆ ಅಲ್ವಾ? ಈ ಪುಸ್ತಕದಲ್ಲಿ ಕತ್ತಲ ಗುಹೆಯೊಳಗೆ ಒಗಟಿನ ಪಂದ್ಯ ನಡೆಯುತ್ತದೆ, ಸೋತರೆ ಬಿಲ್ಬೋನ ಜೀವ ಹೋಗುತ್ತದೆ. ಅದನ್ನು ಓದಿದ ಹುಡುಗಿಯೊಬ್ಬಳು 'ಇದು ಯಕ್ಷಪ್ರಶ್ನೆ ಥರಾನೇ ಇದೆ ಸಾರ್' ಅಂದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರ್ಕ್ಸ್ ಬಗ್ಗೆಯೂ ಕೇಳಿದಿರಿ. ಈ ಪುಸ್ತಕ ಓದಿದರೆ ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ನಾನು ಹೇಳಲಾರೆ. ಇಂಗ್ಲಿಷ್ ಪಾಠದ ಅರ್ಧ ಪುಟಕ್ಕೇ ಆಕಳಿಸುತ್ತಿದ್ದ ಮಗು ಈಗ ಡಿಕ್ಷನರಿ ಇಟ್ಟುಕೊಂಡು 19 ಅಧ್ಯಾಯಗಳ ಪುಸ್ತಕ ಓದುತ್ತಿದೆ, ಅಷ್ಟು ಮಾತ್ರ ಗೊತ್ತು. ಗೂಢಲಿಪಿಯ ಹುಚ್ಚು ಹತ್ತಿದ ಇದೇ ಗುಂಪಿಗೆ ಕನ್ನಡ ಮೇಡಂ ಹಲ್ಮಿಡಿ ಶಾಸನದ ಚಿತ್ರ ತೋರಿಸಿದರು. ಬಿಡುವಿನ ಬೆಲ್ ಆದರೂ ಯಾರೂ ಮೇಲೇಳಲಿಲ್ಲ. ಶಾಸನಕ್ಕೆ ನಾನು ಈ ಶಾಲೆಯಲ್ಲಿ ಇಂಥ ಮರ್ಯಾದೆ ನೋಡಿರಲಿಲ್ಲ.

ಇನ್ನೊಂದು ವಿಷಯ ಕೇಳಿ. ಈ ಪುಸ್ತಕ 1937ರಲ್ಲಿ ಅಚ್ಚಾಯಿತು. ಅದಕ್ಕೂ ಮುಂಚೆ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಹಸ್ತಪ್ರತಿಯನ್ನು ತಮ್ಮ 10 ವರ್ಷದ ಮಗ ರೇನರ್‌ಗೆ ಓದಲು ಕೊಟ್ಟರು. ಅವನು ಓದಿ, ಚೆನ್ನಾಗಿದೆ ಅಂತ ಬರೆದುಕೊಟ್ಟ. ಕೂಲಿ ಒಂದು ಶಿಲಿಂಗ್. ಮಗುವಿನ ಉತ್ಸಾಹಕ್ಕೆ ದೊಡ್ಡವರು ಬೆಲೆ ಕೊಟ್ಟದ್ದಕ್ಕೇ ನಮ್ಮ ಕಪಾಟಿಗೆ ಈ ಪುಸ್ತಕ ಬಂದಿದೆ. ಅದನ್ನೇ ನಾವು ಮಕ್ಕಳ ಕೈಯಿಂದ ಕಿತ್ತುಕೊಂಡರೆ ಹೇಗೆ?

ಹಾಗಂತ ಹೇಳಿ ಕೇಳುವವರಿಲ್ಲ ಅಂತಲ್ಲ. ಗಣಿತದ ಪುಸ್ತಕದ ಒಳಗೆ ಬಚ್ಚಿಟ್ಟು ಓದುವುದು ಇನ್ನು ನಡೆಯುವುದಿಲ್ಲ. ಪಾಠದ ಹೊತ್ತಿನಲ್ಲಿ ಕಥೆ ಪುಸ್ತಕ ಬ್ಯಾಗಿನಲ್ಲಿರಬೇಕು. ರಾತ್ರಿ ಎಷ್ಟು ಹೊತ್ತಿನವರೆಗೆ ಓದಬಹುದು ಅನ್ನುವುದನ್ನು ನೀವೇ ತೀರ್ಮಾನಿಸಿ. ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಮಗು 'ಇದೊಂದು ಅಧ್ಯಾಯ ಅಷ್ಟೇ' ಅಂದರೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸುಮ್ನೆ ಒಂದು ಸಂಜೆ ಕಥೆ ಏನು ಅಂತ ಕೇಳಿ ನೋಡಿ. ಹೇಳಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ, ಆ ಎಚ್ಚರಿಕೆಯನ್ನೂ ಈಗಲೇ ಕೊಡುತ್ತೇನೆ.

ಕೊನೆಯದಾಗಿ, ಪುಸ್ತಕದ ಒಂದು ಪ್ರತಿಯನ್ನು ಮನೆಯವರೊಬ್ಬರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ ಅಂತ ತಿಳಿದುಬಂದಿದೆ. ದಯವಿಟ್ಟು ಸೋಮವಾರದೊಳಗೆ ಅದನ್ನು ಕಳಿಸಿಕೊಡಿ, ಸರದಿಯಲ್ಲಿ ಬೇರೆ ಮಕ್ಕಳು ಕಾಯುತ್ತಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು