ನಿಜ್ವಾಕ್ಕೆ ಶುಕ್ರವಾರವೇ ಯಾಕೆ

ಮಸ್ಕತ್

ತೀರ್ಥರೂಪ ಅಪ್ಪನವರಿಗೂ ಅಮ್ಮನಿಗೂ ನಮಸ್ಕಾರ.

ನೀವು ಇಲ್ಲಿಗೆ ಬಂದಾಗ ಒಮಾನಿನ ಕೋಟೆಪಟ್ಟಣ ನಿಜ್ವಾಕ್ಕೆ ಶನಿವಾರ ಹೋದರಾಗದೇ ಅಂತ ಅಪ್ಪ ಕೇಳಿದ್ದರಲ್ಲ, ಆಗದು. ಮೇಕೆ ಸಂತೆ ನೆರೆಯುವುದು ಶುಕ್ರವಾರ ಬೆಳಗ್ಗೆ. ಏಳಕ್ಕೆ ತುಂಬಿ, ಒಂಬತ್ತರ ಹೊತ್ತಿಗೆ ಕರಗುತ್ತದೆ. ಇಲ್ಲಿಂದ ಸುಮಾರು 160 ಕಿ.ಮೀ., ಎರಡು ಗಂಟೆಯೊಳಗಿನ ದಾರಿ. ಆದರೂ ಗುರುವಾರ ರಾತ್ರಿ ಅಲ್ಲೇ ಉಳಿಯೋಣ. ತಡವಾದರೆ ಕೋಟೆಯ ಹತ್ತಿರ ಗಾಡಿ ನಿಲ್ಲಿಸಲು ಜಾಗ ಸಿಗದು.

ಸಂತೆಯ ಕ್ರಮ ನಮ್ಮ ಕಡೆಗಿಂತ ತಲೆಕೆಳಗು. ಕೊಳ್ಳುವವರು ನಿಂತಲ್ಲೇ ನಿಲ್ಲುತ್ತಾರೆ, ಮಾರುವವರು ಹಗ್ಗ ಹಿಡಿದು ಸುತ್ತು ಹಾಕುತ್ತಾ ಬೆಲೆ ಕೂಗುತ್ತಾರೆ. ಬೇಕಾದವನು ಕೈ ಅಡ್ಡ ಹಿಡಿದು ತಡೆದು, ಹಲ್ಲು, ಕೆಚ್ಚಲು ನೋಡುತ್ತಾನೆ. ಅಪ್ಪ, ಆ ಸುತ್ತುದಾರಿಯಲ್ಲಿ ಫೋಟೋ ತೆಗೆಯುತ್ತಾ ನಿಲ್ಲಬೇಡಿ, ಹೋತ ಯಾರನ್ನೂ ಬಿಡುವುದಿಲ್ಲ. ಹೆಂಗಸರ ಫೋಟೋವನ್ನಂತೂ ಕೇಳದೆ ತೆಗೆಯಲೇಬಾರದು.

ಅಲ್ಲಿಂದ ನೇರ ಕೋಟೆಗೆ. ಜುಮ್ಮಾ ನಮಾಜಿಗೆಂದು ಅಂಗಡಿಗಳು ಹನ್ನೊಂದೂವರೆಗೆಲ್ಲ ಬಾಗಿಲೆಳೆಯುತ್ತವೆ, ಆದ್ದರಿಂದ ಕೊಳ್ಳುವುದನ್ನೂ ಅಷ್ಟರೊಳಗೇ ಮುಗಿಸಬೇಕು. ಕೋಟೆಯ ದುಂಡು ಬುರುಜು 17ನೇ ಶತಮಾನದ್ದು. ಅದನ್ನು ಹತ್ತುವ ಮೆಟ್ಟಿಲು ಕಿರಿದು, ಮತ್ತೆ ಮತ್ತೆ ತಿರುಗುತ್ತದೆ. ಪ್ರತಿ ಬಾಗಿಲ ಮೇಲೂ ಒಂದು ಕಿಂಡಿ. ಶತ್ರುವಿನ ಮೇಲೆ ಕುದಿಯುವ ಖರ್ಜೂರದ ಪಾಕ ಸುರಿಯಲು! ಅಮ್ಮನಿಗೆ ಮಂಡಿನೋವಿದ್ದರೆ ಬುರುಜು ಬೇಡ, ಕೆಳಗಿನ ಖರ್ಜೂರದ ಉಗ್ರಾಣ ಸಾಕು. ನೆಲದುದ್ದಕ್ಕೂ ಸಾಲು ಸಾಲು ಕಾಲುವೆ. ಚೀಲಗಳನ್ನು ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ತಾನೇ ಪಾಕ ಇಳಿದು, ಕಾಲುವೆಯಲ್ಲಿ ಹರಿದು ಪಾತ್ರೆಗೆ ಸೇರುತ್ತದೆ. ಒಲೆಯೂ ಬೇಡ, ಗಾಣವೂ ಬೇಡ.

ದುಡ್ಡಿನ ಲೆಕ್ಕ ಮೊದಲೇ ತಿಳಿದಿರಲಿ. ಒಂದು ರಿಯಾಲಿಗೆ 1000 ಬೈಸಾ, ಅದಕ್ಕೇ ಚುಕ್ಕೆಯ ನಂತರ ಮೂರು ಅಂಕಿ. 1.500 ಅಂದರೆ ಒಂದೂವರೆ ರಿಯಾಲು, ಸಾವಿರದೈನೂರಲ್ಲ. ರಿಯಾಲಿಗೆ 200 ರೂಪಾಯಿಗೂ ಮೇಲು, ಹಾಗಂತ ಗಾಂಧಿ ಬಜಾರಿನ ಹಾಗೆ ಅರ್ಧಕ್ಕೆ ಕೇಳಿದರೆ ನಗುತ್ತಾರೆ. ಸ್ವಲ್ಪ ಇಳಿಸುತ್ತಾರೆ, ಅಷ್ಟೆ.

ಅಮ್ಮ, ಇಲ್ಲಿನ ಲುಬಾನ್ ಅನ್ನುವ ಧೂಪದ ಅಂಟು ನಿನ್ನ ಸಾಂಬ್ರಾಣಿಯಲ್ಲ, ಮರವೇ ಬೇರೆ. ಹಸಿರು ಛಾಯೆಯ, ಬೆಳಕು ತೂರುವಂಥ ಹರಳೇ ಉತ್ತಮ. ನಿಗಿನಿಗಿ ಕೆಂಡಕ್ಕೆ ಹಾಕಿದರೆ ಸುಟ್ಟ ವಾಸನೆ ಬರುತ್ತದೆ. ಕೆಂಡದ ಮೇಲೆ ಬೂದಿ ಕಟ್ಟಿದ ಮೇಲೆ ಒಂದೆರಡು ಹರಳು ಸಾಕು.

ಮಧ್ಯಾಹ್ನ ಬಹ್ಲಾ ಕೋಟೆಯನ್ನು ಹೊರಗಿನಿಂದ ನೋಡಿ, ಸಂಜೆ ಬಿಸಿಲಿಗೆ ಅಲ್ ಐನ್ ಅನ್ನುವ ಹಳ್ಳಿ ಸೇರೋಣ. ಗುಡ್ಡದ ಏಣಿನ ಮೇಲೆ ಜೇನುಗೂಡಿನಾಕಾರದ ಕಲ್ಲುಗೋರಿಗಳ ಸಾಲು, ಹಿಂದೆ ಮಿಶ್ತ್ ಬೆಟ್ಟದ ಗೋಡೆ. ಕ್ರಿ.ಪೂ. 3ನೇ ಸಹಸ್ರಮಾನದವು, ಅಂದರೆ ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗಿಂತ ಹಳೆಯವು. ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ್ದು, ಹಾಗಾಗಿ ಒರಗುವುದು, ಹತ್ತುವುದು ಕೂಡದು. ಜಲ್ಲಿ ಜಾರುತ್ತದೆ, ಚಪ್ಪಲಿ ಬೇಡ, ಶೂ ತನ್ನಿ.

ಮಳೆ ಬಂದರೆ ಮಾತ್ರ ಇದೆಲ್ಲ ರದ್ದು. ಒಣ ಹಳ್ಳಗಳಿಗೆ ನಿಮಿಷಗಳಲ್ಲಿ ನೀರು ನುಗ್ಗುತ್ತದೆ. ಹರಿಯುವ ನೀರಿಗೆ ಕಾರು ಇಳಿಸಿದರೆ ದಂಡವೂ ಉಂಟು.

ಹಲ್ವಾ ವಾಪಸು ಹೋಗುವ ಹಿಂದಿನ ದಿನ ಮಸ್ಕತ್ತಿನಲ್ಲೇ ಕೊಳ್ಳೋಣ. ಅದು ದೊಡ್ಡ ಪೆಟ್ಟಿಗೆಗೇ ಹೋಗಬೇಕು, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೆದಾರು.

ನಿಮ್ಮ ಮಗಳು