ಹಾಲ್ ಗೊತ್ತು, ಪಕ್ಕದ ಚರ್ಚು ಗೊತ್ತಿರಲಿಲ್ಲ

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಎರಡೂ ನಡೆಯುವುದು ಚರ್ಚ್ ಹಾಲ್‌ನಲ್ಲಿ. 9 ವರ್ಷವಾಯಿತು. ಅಡುಗೆಮನೆಯ ಯಾವ ಒಲೆ ಹತ್ತುವುದಿಲ್ಲ, ಯಾವ ಕುರ್ಚಿಯ ಕಾಲು ಅಲ್ಲಾಡುತ್ತದೆ, ಒಗ್ಗರಣೆಗೆ ಮುಂಚೆ ಯಾವ ಕಿಟಕಿ ತೆರೆಯದಿದ್ದರೆ ಅಲಾರಂ ಕೂಗುತ್ತದೆ, ಎಲ್ಲ ನಮಗೆ ಬಾಯಿಪಾಠ. ಆದರೆ ಅಲ್ಲಿಂದ 20 ಹೆಜ್ಜೆ ದೂರದ ಚರ್ಚಿನೊಳಗೆ ನಾನು ಕಾಲಿಟ್ಟಿದ್ದು ಹೋದ ತಿಂಗಳು. ಪಕ್ಕದ ಮನೆಯವರ ಮಗುವಿನ ಕ್ರಿಸನಿಂಗ್, ಅಂದರೆ ತಲೆಗೆ ನೀರು ಹಾಕಿ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಇತ್ತು. ಕರೆದರು, ಹೋದೆ. ನಾಮಕರಣದ ಹಾಗೇ ಏನೋ ಅಂದುಕೊಂಡು ಒಂದು ಪುಟ್ಟ ಬೆಳ್ಳಿ ಲೋಟ ಹಿಡಿದುಕೊಂಡು ಹೋಗಿದ್ದೆ. ಅದೊಂದು ಸರಿಯಾಯಿತು, ಇಲ್ಲೂ ಆ ದಿನ ಬೆಳ್ಳಿ ಕೊಡುವ ಪದ್ಧತಿ ಹಳೆಯದು. ಉಳಿದ ಲೆಕ್ಕವೆಲ್ಲ ತಪ್ಪಿತು.

ಮೊದಲನೆಯದಾಗಿ, ಅದು ಮನೆಯವರ ಪ್ರತ್ಯೇಕ ಫಂಕ್ಷನ್ ಆಗಿರಲಿಲ್ಲ. ಎಂದಿನ ಭಾನುವಾರದ ಪೂಜೆ ನಡೆಯುತ್ತಿತ್ತು, ಅದರ ಮಧ್ಯೆ ಮಗುವಿನದು. ಊರಿನ ಸುಮಾರು 30 ಜನ, ಮುಕ್ಕಾಲು ಪಾಲು 70 ದಾಟಿದವರು, ಅವರ ಪಕ್ಕದಲ್ಲಿ ಹೊಸ ಬಟ್ಟೆ ಹಾಕಿಕೊಂಡು, ಯಾವಾಗ ಏಳಬೇಕು ಯಾವಾಗ ಕೂರಬೇಕು ಗೊತ್ತಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ನಾವು ನೆಂಟರಿಷ್ಟರು. ಬಾಗಿಲ ಹತ್ತಿರವೇ ಕಲ್ಲಿನ ತೊಟ್ಟಿ, ಫಾಂಟ್ ಎನ್ನುತ್ತಾರೆ. ಅದು ಬಾಗಿಲಲ್ಲಿ ಇರುವುದೇ ಒಳಗೆ ಬರುವ ಗುರುತಾಗಿ. ಅದಕ್ಕೆ ಭಾರದ ಮರದ ಮುಚ್ಚಳ. 13ನೇ ಶತಮಾನದಲ್ಲಿ ಇಂಥ ಮುಚ್ಚಳಗಳಿಗೆ ಬೀಗ ಹಾಕಬೇಕೆಂದು ಕಟ್ಟಳೆ ಮಾಡಿದ್ದರಂತೆ, ಯಾಕೆಂದರೆ ಮಂತ್ರ ಮಾಟಕ್ಕೆ ಅಂತ ಜನ ಆ ನೀರು ಕದಿಯುತ್ತಿದ್ದರು. ತೀರ್ಥವನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುವ ನಾವು ನಗುವ ಹಾಗಿಲ್ಲ.

ವಿಕಾರ್, ಅಂದರೆ ಚರ್ಚಿನ ಪಾದ್ರಿ, ಅಪ್ಪ ಅಮ್ಮನನ್ನೂ ಮಗುವಿನ ಧರ್ಮದ ಹಾದಿಗೆ ಹೊಣೆ ನಿಲ್ಲುವ ಗಾಡ್‌ಪೇರೆಂಟ್‌ಗಳನ್ನೂ ಮುಂದೆ ಕರೆದು ಒಂದೊಂದೇ ಪ್ರಶ್ನೆ ಕೇಳಿದರು. ಕೆಟ್ಟದ್ದನ್ನು ಬಿಡುತ್ತೀರಾ, ಕ್ರಿಸ್ತನ ಕಡೆ ತಿರುಗುತ್ತೀರಾ ಎಂದು. ಗಾಡ್‌ಪೇರೆಂಟ್‌ಗಳು ಕನಿಷ್ಠ 3 ಜನ ಇರಬೇಕು. ಹೆಣ್ಣು ಮಗುವಾದರೆ ಇಬ್ಬರು ಹೆಂಗಸರು, ಒಬ್ಬ ಗಂಡಸು. ಗಂಡಾದರೆ ತಿರುಗಾಮುರುಗಾ. ಅವರಿಗೂ ದೀಕ್ಷಾಸ್ನಾನ ಆಗಿರಲೇಬೇಕು. ಪಕ್ಕದ ಮನೆಯವರಿಗೆ ನನ್ನನ್ನು ಕೇಳುವ ಆಸೆ ಇತ್ತಂತೆ, ಈ ನಿಯಮದಿಂದ ಸುಮ್ಮನಾದರಂತೆ. ಒಳ್ಳೆಯದೇ ಆಯಿತು. ನಂಬದ ಮಾತನ್ನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳುವುದು ಯಾರಿಗೂ ಶೋಭೆಯಲ್ಲ. (ಗ್ರೂಪ್‌ನಲ್ಲಿ "ಏನು ಸಾರ್, ಕನ್ವರ್ಟ್ ಆದ್ರಾ?" ಅಂತ ಕೇಳಿದವರಿಗೆ ಇಷ್ಟೇ ಉತ್ತರ: ನೀರು ಬಿದ್ದಿದ್ದು ಮಗುವಿನ ತಲೆಗೆ, ನನಗೆ ಸಿಕ್ಕಿದ್ದು ಕೇಕು.)

ಆಮೇಲೆ ವಿಕಾರ್ ನಮ್ಮ ಕಡೆ ತಿರುಗಿದರು. ಈ ಮಗುವನ್ನು ನೀವು ಸ್ವಾಗತಿಸುತ್ತೀರಾ, ಮುಂದೆಯೂ ಅದಕ್ಕೆ ಆಸರೆಯಾಗಿ ನಿಲ್ಲುತ್ತೀರಾ ಎಂದು ಕೂತಿದ್ದವರನ್ನೆಲ್ಲ ಕೇಳಿದರು. ದೇವರ ಸಹಾಯದಿಂದ ನಿಲ್ಲುತ್ತೇವೆ ಎಂದು ಆ ಮುದುಕ ಮುದುಕಿಯರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಕೆಲವರಿಗೆ ಆ ಮಗುವಿನ ಹೆಸರೂ ಅವತ್ತೇ ಗೊತ್ತಾಗಿದ್ದು. ನನಗೆ ಮೈ ಜುಮ್ಮೆಂದಿತು. ನಾನು ಎಷ್ಟು ನಾಮಕರಣಗಳಿಗೆ ಹೋಗಿದ್ದೇನೆ! ತೊಟ್ಟಿಲು ತೂಗಿದ್ದೇನೆ, ಕವರ್ ಕೊಟ್ಟಿದ್ದೇನೆ, ಹೋಳಿಗೆಗೆ ತುಪ್ಪ ಜಾಸ್ತಿ ಹಾಕಿಸಿಕೊಂಡಿದ್ದೇನೆ. ನೀನು ಈ ಮಗುವಿಗೆ ಏನು ಮಾಡುತ್ತೀಯಾ ಅಂತ ಯಾರೂ ಕೇಳಿರಲಿಲ್ಲ.

ನಮ್ಮ ಸಂಘದಲ್ಲಿರುವ ಮಂಗಳೂರಿನ ಗೆಳತಿಗೆ ಇದನ್ನು ಹೇಳಿದೆ. ಆಕೆ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡಿನ ಪಂಥ), ಮೆಥಡಿಸ್ಟ್ ಮುಂತಾದ ಸಭೆಗಳು ಒಂದಾಗಿ ಹುಟ್ಟಿದ ಚರ್ಚು ಅದು. "ಅದಕ್ಕೇ ಅಲ್ವಾ ನಾವು ಸಭೆ ಅನ್ನೋದು" ಎಂದರು. ಹೌದಲ್ಲ! ಕನ್ನಡದಲ್ಲಿ ಅವರ ಕಡೆ ಚರ್ಚಿಗೆ ಸಭೆ ಎನ್ನುತ್ತಾರೆ, ಪಾದ್ರಿಗೆ ಸಭಾಪಾಲಕರು. ಕನ್ನಡ ಬೈಬಲ್‌ನಲ್ಲಿ ಜಾನ್ ದಿ ಬ್ಯಾಪ್ಟಿಸ್ಟ್ ಅಂದರೆ ಸ್ನಾನಿಕನಾದ ಯೋಹಾನ. ಎಷ್ಟು ಚೆಂದದ ಮಾತು. ಪ್ರೊಟೆಸ್ಟೆಂಟರು ದೀಕ್ಷಾಸ್ನಾನ ಎಂದರೆ ಕ್ಯಾಥೊಲಿಕರು ಜ್ಞಾನಸ್ನಾನ ಎನ್ನುತ್ತಾರೆ, ಇದೂ ಆಕೆಯಿಂದಲೇ ತಿಳಿದದ್ದು.

ಪೂಜೆ ಮುಗಿದ ಮೇಲೆ ನಮ್ಮದೇ ಹಾಲ್‌ನಲ್ಲಿ ಟೀ. ಅಲ್ಲಿನ ಬೋರ್ಡನ್ನು ನಾನು 9 ವರ್ಷದಲ್ಲಿ ಮೊದಲ ಸಲ ಓದಿದೆ. ಹೂವು ಜೋಡಿಸುವವರ ಪಟ್ಟಿ, ಗಂಟೆ ಬಾರಿಸುವವರ ಪಟ್ಟಿ, ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಡಬ್ಬಿ ಸಾಗಿಸುವವರ ಪಟ್ಟಿ. ಕೊನೆಯಲ್ಲಿ ಒಂದು ಚೀಟಿ: ಹೊಸದಾಗಿ ಹೆತ್ತ ಒಬ್ಬ ತಾಯಿಯ ಮನೆಗೆ 2 ವಾರ ಯಾರು ಯಾವ ದಿನ ಊಟ ಕೊಡುವುದು ಎಂದು.

ಎಲ್ಲ ಸಿಹಿಯೇ ಅಂತೇನೂ ಇಲ್ಲ. ಮಗುವಿಗೆ ನೀರು ಹಾಕಿಸಿಕೊಂಡು ಹೋದ ಮನೆಯವರಲ್ಲಿ ಎಷ್ಟೋ ಜನ ಮತ್ತೆ ಮುಖ ತೋರಿಸುವುದಿಲ್ಲವಂತೆ. ವಿಕಾರ್ ಅದನ್ನು ನಗುತ್ತಲೇ ಹೇಳಿದರು. ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಬರುವ ಹೊತ್ತಿಗೆ ಸರಿಯಾಗಿ ಬಂದು, ಮೊಸರನ್ನ ಮುಗಿದ ಕೂಡಲೇ ಮಾಯವಾಗುವ ನಮ್ಮ ಜನ ನೆನಪಾಗಿ ನಾನೂ ನಕ್ಕೆ. ಆದರೂ ವಿಕಾರ್ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ಪ್ಯಾರಿಷ್ ಎಂದರೆ ಸದಸ್ಯರ ಪಟ್ಟಿಗಿಂತ ಮೊದಲು ಒಂದು ಎಲ್ಲೆ. ಅದರೊಳಗೆ ವಾಸ ಇರುವವರು ಮಗುವನ್ನು ತಂದರೆ ತಯಾರಿಗೆ ಸ್ವಲ್ಪ ಕಾಯಿಸಬಹುದು, ಆಗಲ್ಲ ಎನ್ನುವಂತಿಲ್ಲ. ಫೀಸೂ ಇಲ್ಲ. ಇನ್ನೊಂದು ಕೇಳಿ. ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಚರ್ಚ್‌ವಾರ್ಡನ್‌ಗಳನ್ನು ಆರಿಸುವ ವಾರ್ಷಿಕ ಸಭೆಯಲ್ಲಿ ಆ ಎಲ್ಲೆಯೊಳಗೆ ವಾಸವಿದ್ದು ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರಾದರೂ ಮತ ಹಾಕಬಹುದು, ಧರ್ಮ ಯಾವುದಾದರೂ ಸರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ನೆಲೆಸಿದವರೂ ಕಾಮನ್‌ವೆಲ್ತ್ ಲೆಕ್ಕದಲ್ಲಿ ಆ ಪಟ್ಟಿಗೆ ಸೇರಬಹುದಲ್ಲ, ಅಂದರೆ ನಮ್ಮಲ್ಲಿ ಹಲವರಿಗೆ ಈ ಹಕ್ಕಿದೆ.

ಮಗುವಿನ ಹೆಸರು ರಿಜಿಸ್ಟರ್‌ಗೆ ಏರಿತು. ಈ ಬರೆದಿಡುವ ಕೆಲಸ 1538ರಿಂದ ನಡೆದಿದೆ, 8ನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹಾಕಿದ ಆಜ್ಞೆ. ಪುಸ್ತಕ ಇಡುವ ಪೆಟ್ಟಿಗೆಗೆ 2 ಬೀಗ, ಒಂದರ ಕೀಲಿ ಪಾದ್ರಿಯ ಹತ್ತಿರ, ಇನ್ನೊಂದು ವಾರ್ಡನ್‌ಗಳ ಹತ್ತಿರ. ಜನ ಇದು ಹೊಸ ತೆರಿಗೆಗೆ ಪೀಠಿಕೆ ಎಂದು ಹೆದರಿದ್ದರು. ಇಂಥದೊಂದು ಪುಸ್ತಕದಲ್ಲೇ, 1616ರ ಡಿಸೆಂಬರ್ 22ರಂದು ಲಂಡನ್ನಿನ ಸೇಂಟ್ ಡಯೊನಿಸ್ ಬ್ಯಾಕ್‌ಚರ್ಚ್‌ನಲ್ಲಿ ನಮ್ಮ ದೇಶದ ಒಬ್ಬ ಹುಡುಗನ ದೀಕ್ಷಾಸ್ನಾನ ದಾಖಲಾಗಿದೆ. ಪೀಟರ್ ಎಂಬ ಹೆಸರು ಆರಿಸಿದ್ದು ರಾಜ ಜೇಮ್ಸ್. ಅವನ ತಾಯಿ ಇಟ್ಟ ಹೆಸರು ಅಲ್ಲಿಲ್ಲ.

ಕನ್ನಡದ ಸೀಮೆಯವಳ ಕತೆ ಇನ್ನೂ ಹತ್ತಿರದ್ದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದ. ಕಂಪನಿಯಿಂದ ತನ್ನ ಹಣ ವಾಪಸ್ ಪಡೆಯುವ ಆಸೆಯಿಂದ 1852ರಲ್ಲಿ ಮಗಳು ಗೌರಮ್ಮನ ಜೊತೆ ಇಲ್ಲಿಗೆ ಬಂದ. ಲಿಂಗಾಯತ ಅರಸುಮನೆತನದ, 11 ವರ್ಷದ ಆಸುಪಾಸಿನ ಹುಡುಗಿ. ಅದೇ ವರ್ಷ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅವಳಿಗೆ ದೀಕ್ಷಾಸ್ನಾನ ಮಾಡಿಸಿದರು. ಗಾಡ್‌ಮದರ್ ಆಗಿ ನಿಂತವಳು ವಿಕ್ಟೋರಿಯಾ ರಾಣಿ. ವಿಕ್ಟೋರಿಯಾ ಗೌರಮ್ಮ ಎಂದು ಹೆಸರಾಯಿತು, ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಆಮೇಲೆ ಅಪ್ಪನನ್ನು ಬಿಟ್ಟು ಇಂಗ್ಲಿಷ್ ಮನೆಗಳಲ್ಲಿ ಬೆಳೆದಳು. 1860ರಲ್ಲಿ ತನಗಿಂತ ತುಂಬಾ ದೊಡ್ಡವನಾದ ಒಬ್ಬ ಕರ್ನಲ್‌ನನ್ನು ಮದುವೆಯಾಗಿ, ಒಂದು ಹೆಣ್ಣು ಮಗು ಹೆತ್ತು, 1864ರಲ್ಲಿ ತೀರಿಕೊಂಡಳು. ಇನ್ನೂ 23 ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದ್ದಾಳೆ. ಸಾಮ್ರಾಜ್ಯದಲ್ಲೇ ರಾಣಿಗಿಂತ ದೊಡ್ಡ ಗಾಡ್‌ಮದರ್ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಆದರೆ ಸಂಜೆ ಹೊತ್ತು ಬಾಗಿಲು ತಟ್ಟಿ, ಊಟ ಆಯ್ತೇನಮ್ಮ ಅಂತ ಅವಳ ಭಾಷೆಯಲ್ಲಿ ಕೇಳುವವರು ಎಷ್ಟು ಜನ ಇದ್ದರು ಅಂತ ನನಗೆ ಅವತ್ತಿನಿಂದ ಅನಿಸುತ್ತಲೇ ಇದೆ.

ನಮ್ಮಲ್ಲಿ ಹೋದ ವರ್ಷ 4 ಮಕ್ಕಳು ಹುಟ್ಟಿದವು. ನಾವು ಮಾಡಿದ್ದು ವಾಟ್ಸಾಪ್‌ನಲ್ಲಿ ಕೆಂಪು ಹೃದಯ ಒತ್ತಿದ್ದು. ಒಬ್ಬ ಬಾಣಂತಿಯ ತಾಯಿಗೆ ವೀಸಾ ಸಿಗದೆ ಆಕೆ 3 ವಾರ ಬರೀ ಬ್ರೆಡ್ ತಿಂದುಕೊಂಡಿದ್ದಳು ಎಂದು ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಸಂಘದ ಪತ್ರಿಕೆಯ ಸಂಪಾದಕನಾಗಿ, ಮಗು ಹುಟ್ಟಿದ ಸುದ್ದಿ ಮಾತ್ರ ಅಚ್ಚುಹಾಕಿದ್ದೆ, ಫೋಟೋ ಸಮೇತ.

ಆದ್ದರಿಂದ ಎರಡು ಕೆಲಸ ಶುರು ಮಾಡಿದ್ದೇನೆ. ಒಂದು, ಸಂಘಕ್ಕೊಂದು ಗಟ್ಟಿ ರಟ್ಟಿನ ಪುಸ್ತಕ ಕೊಂಡಿದ್ದೇನೆ, ಇಲ್ಲಿ ಹುಟ್ಟುವ ನಮ್ಮ ಮಕ್ಕಳ ಹೆಸರು ಕನ್ನಡ ಅಕ್ಷರದಲ್ಲಿ ಬರೆದಿಡಲು. ಅಪ್ಪ ಅಮ್ಮನ ಊರೂ ಇರಲಿ. ಇನ್ನೊಂದು ಬಾಣಂತಿ ಊಟದ ಪಟ್ಟಿ. ಅದರಲ್ಲಿ ಈಗ 5 ಹೆಸರಿವೆ, 2 ನಮ್ಮ ಮನೆಯದೇ. ಮೆಣಸಿನ ಸಾರು, ಸಬ್ಬಸಿಗೆ ಪಲ್ಯ ಮಾಡಲು ಬಂದರೆ ಸಾಕು, ಗಂಡಸರಿಗೂ ಬರುತ್ತದೆ, ಬರದಿದ್ದರೆ ಹೇಳಿಕೊಡುತ್ತೇನೆ.

ಮತ್ತೆ, ಜುಲೈನಲ್ಲಿ ಚರ್ಚಿನವರ ಫೇಟ್, ಅಂದರೆ ಪುಟ್ಟ ಜಾತ್ರೆ ಇದೆ, ಗೋಪುರದ ಮಾಡಿನ ರಿಪೇರಿಗೆ ದುಡ್ಡು ಎತ್ತುತ್ತಿದ್ದಾರೆ. ಮದ್ದೂರು ವಡೆಯ ಒಂದು ಟೇಬಲ್ ಹಾಕುತ್ತೇವೆ ಎಂದು ನಿಮ್ಮನ್ನು ಕೇಳದೆಯೇ ಒಪ್ಪಿಕೊಂಡು ಬಂದಿದ್ದೇನೆ, ಬೈಯುವವರು ಬೈಯಿರಿ. ಹಿಂದಿನ ಸಂಜೆ 6ಕ್ಕೆ ಹಾಲ್‌ನಲ್ಲಿ ಈರುಳ್ಳಿ ಹೆಚ್ಚಲು 4 ಜನ ಬೇಕು. ಚಾಕು ನೀವೇ ತನ್ನಿ, ಅಲ್ಲಿನವು ಮೊಂಡು.