ಚೋರ್ಲಾ ಘಟ್ಟದ ತಿರುವುಗಳಿಗೆ ನಂಬರ್ ಬರೆಸಿ

ಮಾನ್ಯ ಸಂಪಾದಕರೇ,

ನವೆಂಬರ್ ಬಂತೆಂದರೆ ಗೋವಾದ ವಾಗಾತೋರ್‌ನಲ್ಲಿ ರಾಯಲ್ ಎನ್‌ಫೀಲ್ಡ್ ಸವಾರರ ಜಾತ್ರೆ. ಮೊದಲು ಅದನ್ನು ರೈಡರ್ ಮೇನಿಯಾ ಅನ್ನುತ್ತಿದ್ದರು, 2023ರಿಂದ ಮೋಟೋವರ್ಸ್ ಎಂದು ಹೆಸರಾಗಿದೆ. ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಅನ್‌ಮೋಡ ಘಟ್ಟ ಇಳಿಯುತ್ತಾರೆ, ಇಲ್ಲವೇ ಬೆಳಗಾವಿ, ಜಾಂಬೋಟಿ ಮೇಲೆ ಚೋರ್ಲಾ ಘಟ್ಟ ಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ನಾವು ಹುಬ್ಬಳ್ಳಿಯ ಆರು ಜನ ಗೆಳೆಯರು ಚೋರ್ಲಾ ಹಿಡಿದಿದ್ದೆವು. ಆ ದಿನ ಆದದ್ದನ್ನು ಹೇಳಿ, ಒಂದೇ ಒಂದು ಕೆಲಸ ಮಾಡಿಕೊಡಿ ಎಂದು ಕೇಳಲು ಈ ಪತ್ರ.

ಬೆಳಗಿನ ಐದಕ್ಕೆ ಹುಬ್ಬಳ್ಳಿ ಬಿಟ್ಟೆವು. ಕಿತ್ತೂರಿನ ಹತ್ತಿರ ಬೆಳಕು ಹರಿಯಿತು, ಬೆಳಗಾವಿಯಲ್ಲಿ ಉಪ್ಪಿಟ್ಟು, ಚಹಾ ಆಯಿತು. ಜಾಂಬೋಟಿ ದಾಟಿದ ಮೇಲೆ ದಾರಿಯ ಗುಣವೇ ಬೇರೆ. ಎರಡೂ ಕಡೆ ಕಾಡು, ಜರ್ಕಿನ್ ಒಳಗೂ ನುಗ್ಗುವ ಚಳಿ, ಮರಗಳ ಸಂದಿಯಲ್ಲಿ ಸಿಕ್ಕಿಕೊಂಡ ಮಂಜು. ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಿ ಮಾವುಲಿ ದೇವಸ್ಥಾನಕ್ಕೆ ಹೋದೆವು. ಮಲಪ್ರಭೆ ಹುಟ್ಟುವುದು ಅಲ್ಲಿಯೇ. ನವಿಲುತೀರ್ಥದ ಅಣೆಕಟ್ಟೆಯಿಂದ ನಮ್ಮ ಹುಬ್ಬಳ್ಳಿಯ ನಲ್ಲಿಗೆ ಬರುವ ನೀರು ಇದೇ ಹೊಳೆಯದು, ಅದನ್ನು ಇಷ್ಟು ಸಣ್ಣದಾಗಿ ನೋಡಿ ನಾವೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಮಹದಾಯಿ, ಕಳಸಾ ಬಂಡೂರಿ ಎಂದು ನಾವು ಹೋರಾಟ ಮಾಡುವುದೂ ಇದೇ ಊರಿನ ಸುತ್ತಲಿನ ನೀರಿಗಾಗಿ. ಬೈಕ್ ಮೇಲೆ ಹೋಗದಿದ್ದರೆ ನಾನಂತೂ ಆ ಊರಿನಲ್ಲಿ ಇಳಿಯುತ್ತಲೇ ಇರಲಿಲ್ಲ.

ಅಲ್ಲಿಂದ ಮುಂದೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳು ಒಂದಕ್ಕೊಂದು ತಾಗಿಕೊಂಡಿರುವ ಜಾಗ. ಇಳಿಜಾರು ಶುರುವಾಯಿತು. ನಾವು ಜೋರಾಗಿ ಹೋಗುತ್ತಿರಲಿಲ್ಲ, ಎರಡನೇ ಗೇರಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟುಕೊಂಡೇ ಇಳಿಯುತ್ತಿದ್ದೆವು. ಮಳೆಗಾಲದಲ್ಲಿ ಹರಿದು ಬಂದ ಸಣ್ಣ ಜಲ್ಲಿ ಒಂದು ತಿರುವಿನ ಒಳಮಗ್ಗುಲಲ್ಲಿ ಹಾಗೇ ಉಳಿದಿತ್ತು. ನನ್ನ ಮುಂದಿದ್ದ ಗೆಳೆಯನ ಹಿಂದಿನ ಚಕ್ರ ಜಾರಿತು. ಬುಲೆಟ್ ಅವನ ಕಾಲ ಮೇಲೆಯೇ ಬಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿದಿರುವುದು ನೋಡಿದರೇ ಗೊತ್ತಾಗುತ್ತಿತ್ತು.

ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಒಬ್ಬ ಗೆಳೆಯ ಮೇಲಕ್ಕೆ ಹೋಗಿ, ಒಂದು ಕಡ್ಡಿ ಸಿಗ್ನಲ್ ಸಿಕ್ಕ ಕಡೆ ನಿಂತು 108ಕ್ಕೆ ಫೋನ್ ಮಾಡಿದ. ಮೂರೂ ರಾಜ್ಯಗಳಲ್ಲಿ ಆಂಬುಲೆನ್ಸ್ ನಂಬರ್ 108 ಅಲ್ವಾ, ಕರೆ ಗೋವಾದ ಕಡೆಗೆ ಹೋಯಿತು. ಎತ್ತಿದವರು ಒಳ್ಳೆಯ ಮಾತಿನಲ್ಲೇ ಕೇಳಿದರು, ಘಟ್ಟದಲ್ಲಿ ಎಲ್ಲಿದ್ದೀರಿ? ಅವನಿಗೆ ಉತ್ತರ ಗೊತ್ತಿರಲಿಲ್ಲ. ಮರ ಇದೆ, ತಿರುವು ಇದೆ, ಎಡಕ್ಕೆ ಕಣಿವೆ ಇದೆ ಎಂದ. ಆ ಘಟ್ಟದಲ್ಲಿ ಇದಿಲ್ಲದ ಜಾಗ ಎಲ್ಲಿದೆ ಹೇಳಿ? ಮಾತು ಮುಗಿಯುವ ಮೊದಲೇ ಕರೆ ಕಟ್ ಆಯಿತು. ಅವರದೇನೂ ತಪ್ಪಿಲ್ಲ, ಜಾಗ ಹೇಳದೆ ಯಾರೂ ಗಾಡಿ ಕಳಿಸಲಾರರು.

ಕೊನೆಗೆ ತರಕಾರಿ ಇಳಿಸಿ ವಾಪಸ್ ಬರುತ್ತಿದ್ದ ಪಿಕಪ್ ಗಾಡಿಯ ಅಣ್ಣ ನಿಲ್ಲಿಸಿದರು. ಪೊಲೀಸ್, ಕೋರ್ಟ್ ಅಂತ ಅಲೆಸುತ್ತಾರೇನೋ ಎಂದು ಅವರಿಗೆ ಮೊದಲು ಅಂಜಿಕೆ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ, ಗಾಯಾಳುವಿಗೆ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳೆಂದು ಒತ್ತಾಯ ಮಾಡುವಂತಿಲ್ಲ ಎಂದು ತಿಳಿಸಿದೆವು. ಖಾಲಿ ಚೀಲಗಳನ್ನು ಹಾಸಿ, ಗೆಳೆಯನ ಕಾಲಿಗೆ ಎರಡು ಕೋಲು ಕಟ್ಟಿ ಬೆಳಗಾವಿಗೆ ಕರೆತಂದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ಬಿದ್ದ ಹೊತ್ತಿನಿಂದ ಆಸ್ಪತ್ರೆ ಬಾಗಿಲಿಗೆ ಮೂರೂವರೆ ತಾಸು ಹಿಡಿಯಿತು. ಮುರಿದದ್ದು ಕಾಲು, ಹಾಗಾಗಿ ಉಳಿದ. ತಲೆಗೋ ಹೊಟ್ಟೆಗೋ ಪೆಟ್ಟಾಗಿದ್ದರೆ ಅಷ್ಟು ಹೊತ್ತು ತಡೆಯುತ್ತಿತ್ತಾ?

ನಾನು ಕೇಳುವುದು ಇಷ್ಟೇ. ಚೋರ್ಲಾ ಘಟ್ಟದ ಪ್ರತಿ ತಿರುವಿಗೂ ಒಂದು ನಂಬರ್ ಕೊಡಿ. ಇದು ಹೊಸದಲ್ಲ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 70 ತಿರುವು, ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಟ್ಟದಲ್ಲಿ 36. ಅಲ್ಲಿ ಇಷ್ಟರಲ್ಲಿ ಇದು ಎಷ್ಟನೆಯದು ಎಂದು ಬೋರ್ಡ್ ಹಾಕಿದ್ದಾರೆ. ಅಲ್ಲಿ ಬಿದ್ದವನು "ಹನ್ನೆರಡನೇ ತಿರುವಿನಲ್ಲಿದ್ದೇನೆ" ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಬೋರ್ಡಿಗೆ ದುಡ್ಡಿಲ್ಲವೆಂದರೆ ತಡೆಗೋಡೆ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದರೂ ಆದೀತು. ಕನ್ನಡ, ಮರಾಠಿ, ಕೊಂಕಣಿ ಎಂಬ ಜಗಳವೂ ಬೇಡ, ಅಂಕಿ ಎಲ್ಲರಿಗೂ ಒಂದೇ. ಗಡಿ ದಾಟಿದಲ್ಲಿ ಎಣಿಕೆ ಮತ್ತೆ ಒಂದರಿಂದ ಶುರುವಾಗದಂತೆ ಎರಡೂ ಕಡೆಯ ರಸ್ತೆ ಅಧಿಕಾರಿಗಳು ಕೂತು ಮಾತಾಡಿಕೊಳ್ಳಬೇಕು, ನಂಬರಿನ ಪಟ್ಟಿ ಮೂರೂ ರಾಜ್ಯಗಳ 108ರವರ ಕೈಯಲ್ಲಿರಬೇಕು. ಜಾತ್ರೆಯ ಆ ಮೂರು ನಾಲ್ಕು ದಿನ ಕಣಕುಂಬಿಯಲ್ಲಿ ಒಂದು ಆಂಬುಲೆನ್ಸ್ ನಿಂತರೆ ಇನ್ನೂ ಒಳ್ಳೆಯದು.

ಸವಾರ ಗೆಳೆಯರಿಗೂ ಒಂದು ಮಾತು. ಮಳೆ ಹೋದ ಹೊಸದರಲ್ಲಿ ತಿರುವಿನ ಒಳಮಗ್ಗುಲನ್ನು ನಂಬಬೇಡಿ. ಆ ದಾರಿಯ ಪಕ್ಕದಲ್ಲೇ ಭೀಮಗಡದ ಕಾಡಿದೆ, ಸೈಲೆನ್ಸರ್ ಬಿಚ್ಚಿ ಗದ್ದಲ ಎಬ್ಬಿಸಬೇಡಿ.

ಗೆಳೆಯನ ಕಾಲು ಈಗ ಕೂಡಿದೆ. ಬರುವ ನವೆಂಬರ್‌ಗೆ ಅವನೂ ಬರುತ್ತೇನೆ ಎಂದಿದ್ದಾನೆ, ಅದೇ ದಾರಿಯಲ್ಲೇ ಹೋಗಬೇಕಂತೆ. ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಬಣ್ಣದ ಕೆಲಸಕ್ಕೆ ಕೈ ಹಾಕಿದರೆ ನಾವು ಹೋಗುವಷ್ಟರಲ್ಲಿ ಮುಗಿದಿರುತ್ತದೆ.

ಇಂತಿ,
ಒಬ್ಬ ಬೈಕ್ ಸವಾರ, ಹುಬ್ಬಳ್ಳಿ